ಬಾಡಿಗೆ ಜಾಸ್ತಿ, ಸಂಬಳ ಕಡಿಮೆ: ಆರೋಗ್ಯ ವಿಮೆ ಮಾಡಿಸುವುದು ಹೇಗೆ?

ಮೊದಲು ಸರ್ಕಾರಿ ಯೋಜನೆ ಸಿಗುತ್ತದಾ ನೋಡಿ. ಸುಮ್ನೆ ‘ನಮಗೆಲ್ಲಿ ಸಿಗುತ್ತೆ’ ಅಂತ ಬಿಡಬೇಡಿ, ಯಾರಿಗೆ ಸಿಗುತ್ತದೆ ಅನ್ನೋ ನಿಯಮ ಕೇಳಿ ತಿಳಿದುಕೊಳ್ಳಿ. ಕೆಲಸದ ಕಡೆಯಿಂದ ಗುಂಪು ವಿಮೆ ಇದ್ದರೆ ಅದನ್ನೂ ವಿಚಾರಿಸಿ.

ಎರಡೂ ಇಲ್ಲ ಅಂದ್ರೆ, ಜ್ವರ ನೆಗಡಿಯ ಖರ್ಚು ಕೈಯಿಂದಲೇ ನೋಡಿಕೊಂಡು, ಆಸ್ಪತ್ರೆ ಸೇರುವಂಥ ದೊಡ್ಡ ಖರ್ಚಿಗೆ ಮಾತ್ರ ಪಾಲಿಸಿ ತಗೊಳ್ಳಿ. ಆದರೆ ಪ್ರೀಮಿಯಂ ಕಡಿಮೆ ಅಂತ ಮರುಳಾಗಬೇಡಿ. ಮೊದಲ 50,000 ನೀವೇ ಕಟ್ಟಬೇಕು, ಉಳಿದದ್ದರಲ್ಲಿ ಶೇ. 20 ನಿಮ್ಮ ಪಾಲು ಅಂತಿದ್ದರೆ, 2 ಲಕ್ಷದ ಬಿಲ್ಲಿಗೆ ನಿಮ್ಮ ಜೇಬಿನಿಂದ 80,000 ಹೋಗುತ್ತದೆ. ಡಿಸ್ಚಾರ್ಜ್ ದಿನ ಬಿಲ್ ಕೌಂಟರಿನ ಮುಂದೆ ನಿಂತು ಸಾಲಕ್ಕೆ ಫೋನ್ ಮಾಡುವ ಸಂಕಟ ಯಾರಿಗೂ ಬೇಡ, ಅಲ್ವಾ? ಮೊದಲೇ ಇರುವ ಕಾಯಿಲೆಯನ್ನು ಮಾತ್ರ ಮುಚ್ಚಿಡಬೇಡಿ, ಕ್ಲೇಮ್ ತಿರಸ್ಕಾರ ಆಗಬಹುದು.