‘ಪಿಸ್ಡ್’ ಎಂದರೆ ಸಿಟ್ಟಲ್ಲ

ಮ್ಯಾಂಚೆಸ್ಟರ್‌ಗೆ ಬಂದ ಮೂರನೆಯ ವಾರದಲ್ಲೇ, ‘ಶುಕ್ರವಾರ ರಾತ್ರಿ ಪೂರ್ತಿ ಪಿಸ್ಡ್ ಆಗಿದ್ದೆ’ ಎಂದ ಸಹೋದ್ಯೋಗಿಯನ್ನು ‘ಯಾರ ಮೇಲೆ ಸಿಟ್ಟು?’ ಎಂದು ಕೇಳಿ ಕಚೇರಿಯನ್ನೇ ನಗಿಸಿದ್ದಾಗಿ ಬರೆದಿದ್ದೀರಿ. ಮುಂದೆ ಆಸ್ಟ್ರೇಲಿಯಾಕ್ಕೆ ಹೋದರೆ ಅಲ್ಲೂ ಇದೇ ಪಾಡೇ ಎಂದೂ ಕೇಳಿದ್ದೀರಿ. ಒಂಬತ್ತು ವರ್ಷ ಲೀಡ್ಸ್‌ನಲ್ಲಿದ್ದು, ಈಗ ಹನ್ನೆರಡು ವರ್ಷಗಳಿಂದ ಮೆಲ್ಬರ್ನ್‌ನಲ್ಲಿ ನೆಲೆಸಿರುವ ನಾನು ಎರಡೂ ಕಡೆ ಹೀಗೆಯೇ ಎಡವಿದ್ದೇನೆ.

ನಿಮ್ಮ ಕಿವಿಯಲ್ಲಿ ಇದ್ದದ್ದು ಅಮೆರಿಕದ ಇಂಗ್ಲಿಷ್. ಅಲ್ಲಿ ಆ ಪದಕ್ಕೆ ಸಿಟ್ಟು ಎಂಬ ಅರ್ಥವಿದ್ದರೆ, ಬ್ರಿಟನ್ನಿನಲ್ಲಿ ಕಂಠಪೂರ್ತಿ ಕುಡಿದ ಸ್ಥಿತಿ ಎಂಬ ಅರ್ಥವಿದೆ. ಸಿಟ್ಟನ್ನು ಹೇಳಬೇಕಾದರೆ ‘ಪಿಸ್ಡ್ ಆಫ್’ ಎನ್ನಬೇಕು. ‘ಟೇಕಿಂಗ್ ದ ಪಿಸ್’ ಎಂದರೆ ಗೇಲಿ ಮಾಡುವುದು, ‘ಆನ್ ದ ಪಿಸ್’ ಎಂದರೆ ಕುಡಿಯುತ್ತಾ ಕೂತಿರುವುದು. ಮೂಲದಲ್ಲಿ ಇದು ಮೂತ್ರಕ್ಕೆ ಸಂಬಂಧಿಸಿದ ಪದವಾದ್ದರಿಂದ, ಅವರು ಸಲೀಸಾಗಿ ಆಡಿದರೂ ನೀವು ಸ್ವಲ್ಪ ಕಾಲ ಕೇಳಿಸಿಕೊಂಡಿರುವುದೇ ಮೇಲು.

ಇಂಥ ಪದಗಳ ಪಟ್ಟಿಯನ್ನು ಬಾಯಿಪಾಠ ಮಾಡಲು ಹೊರಟರೆ ಮುಗಿಯುವುದಿಲ್ಲ. 2024ರಲ್ಲಿ ಜರ್ಮನಿಯ ಭಾಷಾವಿಜ್ಞಾನಿಗಳು ಇಂಗ್ಲಿಷಿನಲ್ಲಿ ಅಮಲಿಗಿರುವ 500ಕ್ಕೂ ಹೆಚ್ಚು ಪದಗಳನ್ನು ಕಲೆಹಾಕಿದರು. ಹ್ಯಾಮರ್ಡ್, ಪ್ಲಾಸ್ಟರ್ಡ್, ಟ್ರಾಲೀಡ್ ಎಂಬವುಗಳಲ್ಲಿ ಸುತ್ತಿಗೆಗಾಗಲಿ ಗಾರೆಗಾಗಲಿ ತಳ್ಳುಗಾಡಿಗಾಗಲಿ ಕುಡಿತದೊಂದಿಗೆ ನಂಟಿಲ್ಲ. ಯಾವುದೋ ಒಂದು ನಾಮಪದಕ್ಕೆ ‘ಎಡ್’ ಅಂಟಿಸಿ, ಮುಂದೆ ‘ಕಂಪ್ಲೀಟ್ಲಿ’ ಸೇರಿಸಿ, ಸೋಮವಾರ ಬೆಳಿಗ್ಗೆ ತಲೆ ಹಿಡಿದುಕೊಂಡು ಹೇಳಿದರೆ ಬ್ರಿಟಿಷರಿಗೆ ಅರ್ಥವಾಗಿಬಿಡುತ್ತದೆ. ‘ಲೆಗ್‌ಲೆಸ್’ ಮಾತ್ರ ಕಾಲೇ ನಿಲ್ಲದವನ ಚಿತ್ರವನ್ನು ಕಣ್ಣಿಗೆ ಕಟ್ಟುತ್ತದೆ. ಲಂಡನ್ನಿನ ಕಾಕ್ನಿ ಮಾತಿನಲ್ಲಿ ‘ಬ್ರಾಮ್ಸ್ ಆ್ಯಂಡ್ ಲಿಸ್ಟ್’ ಎಂದು ಕೇಳಿ ಸಂಗೀತಗಾರರ ವಿಷಯವೆಂದು ತಿಳಿಯಬೇಡಿ, ಅದು ‘ಪಿಸ್ಡ್’ ಪದಕ್ಕೆ ಕೂಡಿಸಿದ ಪ್ರಾಸ. ಇನ್ನು ಪತ್ರಿಕೆಯಲ್ಲಿ ಯಾರಾದರೂ ರಾಜಕಾರಣಿ ‘ಟೈರ್ಡ್ ಆ್ಯಂಡ್ ಇಮೋಷನಲ್’ ಆಗಿದ್ದರೆಂದು ಓದಿದರೆ ಕನಿಕರಪಡುವ ಅಗತ್ಯವಿಲ್ಲ. 1960ರ ದಶಕದಲ್ಲಿ ವಿದೇಶಾಂಗ ಸಚಿವರಾಗಿದ್ದ ಜಾರ್ಜ್ ಬ್ರೌನ್ ಅವರ ಕುಡಿತವನ್ನು ಕುರಿತು ‘ಪ್ರೈವೇಟ್ ಐ’ ಎಂಬ ವಿಡಂಬನಾ ಪತ್ರಿಕೆ ಬಳಕೆಗೆ ತಂದ ಮರೆಮಾತು ಅದು.

ಆಸ್ಟ್ರೇಲಿಯಾದಲ್ಲಿ ‘ಪಿಸ್ಡ್’ ಹಾಗೆಯೇ ಉಂಟು, ‘ಮ್ಯಾಗಟೆಡ್’ ಎಂಬ ಹುಳುಗಳ ಪದವೂ ಉಂಟು. ನಾನು ಸಿಕ್ಕಿಬಿದ್ದದ್ದು ‘ಫುಲ್’ ಪದದಲ್ಲಿ. ನಮ್ಮ ಹಿತ್ತಲಿನ ಬಾರ್ಬೆಕ್ಯೂಗೆ ಬಂದಿದ್ದ ನೆರೆಯವರು ಕುರ್ಚಿಗೆ ಒರಗಿಕೊಂಡು ‘ಫುಲ್ ಆ್ಯಸ್ ಎ ಗೂಗ್’ ಎಂದಾಗ, ಹೊಟ್ಟೆ ತುಂಬಿತೆಂದು ಸಂಕೋಚಪಡುತ್ತಿದ್ದಾರೆ ಎಂದುಕೊಂಡು, ನಮ್ಮ ಪದ್ಧತಿಯಂತೆ ಒತ್ತಾಯ ಮಾಡಿ ಇನ್ನೆರಡು ಮದ್ದೂರು ವಡೆ ತಟ್ಟೆಗೆ ಹಾಕಿದೆ. ಗೂಗ್ ಎಂದರೆ ಮೊಟ್ಟೆ. ಮೊಟ್ಟೆಯೊಳಗೆ ಜಾಗವಿಲ್ಲದಂತೆ ಅವರೊಳಗೆ ಬಿಯರ್ ತುಂಬಿತ್ತು. ಪಾಪ, ವಡೆಯನ್ನೂ ತಿಂದರು.

ಊರಿನಲ್ಲಿ ನಾವು ‘ಟೈಟ್ ಆಗಿದ್ದಾನೆ’ ಎನ್ನುತ್ತೇವಲ್ಲ, ಅದನ್ನು ನಮ್ಮದೇ ಬಟ್ಲರ್ ಇಂಗ್ಲಿಷ್ ಎಂದು ನಾನು ಬಹಳ ಕಾಲ ನಂಬಿದ್ದೆ. ಲೀಡ್ಸ್‌ನಲ್ಲಿ ಒಮ್ಮೆ ಅದು ಬಾಯಿತಪ್ಪಿ ಬಂದಾಗ, ಪಕ್ಕದ ಮನೆಯ ಎಂಬತ್ತು ದಾಟಿದ ಅಜ್ಜಿ ತಮ್ಮ ತಂದೆ ಹಾಗೆನ್ನುತ್ತಿದ್ದರೆಂದು ಹೇಳಿ ಬಹಳ ಹೊತ್ತು ನಕ್ಕರು. ಬ್ರಿಟನ್ನಿನಲ್ಲಿ ಹಳತಾದ ಆ ಪದ ನಮ್ಮ ಬಾರುಗಳಲ್ಲಿ ಇನ್ನೂ ಚೆನ್ನಾಗಿ ಓಡಾಡಿಕೊಂಡಿದೆ.