ಮೈಸೂರಿನ ಕಿರುಚಿತ್ರವೊಂದಕ್ಕೆ ಹಳೆಯ ಪತ್ತೇದಾರಿ ಚಿತ್ರಗಳ ಸಂಗೀತದ ಗುಣ ತರುವುದು ಹೇಗೆ?

ದೇವರಾಜ ಮಾರುಕಟ್ಟೆಯಲ್ಲಿ ನಡೆಯುವ ಬೆನ್ನಟ್ಟುವ ದೃಶ್ಯಕ್ಕೆ ಇಂಥ ಸಂಗೀತ ಬೇಕೆಂದಿದ್ದೀರಿ. ಮೊದಲು ಗೂಢಚಾರಿ ಚಿತ್ರಗಳ ಸಂಗೀತವನ್ನೂ ಅಪರಾಧ ಚಿತ್ರಗಳ ಫಂಕ್ (ಕುಣಿಸುವ ಲಯಕ್ಕೆ ಒತ್ತು ಕೊಡುವ ಅಮೆರಿಕದ ಸಂಗೀತ) ಶೈಲಿಯನ್ನೂ ಬೇರ್ಪಡಿಸಿ ಕೇಳಬೇಕು. 1962ರ ‘ಡಾಕ್ಟರ್ ನೋ’ ಚಿತ್ರದಲ್ಲಿ ಮೊದಲು ಕೇಳಿಬಂದ ಜೇಮ್ಸ್ ಬಾಂಡ್ ಧಾಟಿಯಲ್ಲಿ ಪಂಚಮ, ಶುದ್ಧ ಧೈವತ, ಚತುಶ್ರುತಿ ಧೈವತ, ಪುನಃ ಶುದ್ಧ ಧೈವತ ಎಂದು ಅರ್ಧಸ್ವರಗಳಲ್ಲಿ ಏರಿಳಿಯುವ ಎಳೆಯೊಂದು ಬಿಡದೆ ಸುತ್ತುತ್ತದೆ. ಎಲ್ಲಿಯೂ ನೆಲೆ ನಿಲ್ಲದ ಆ ಚಲನೆಯೇ ಸಂಶಯವನ್ನು ಹುಟ್ಟಿಸುತ್ತದೆ, ಗಿಟಾರ್ ಮತ್ತು ಹಿತ್ತಾಳೆ ವಾದ್ಯಗಳ ಅಬ್ಬರ ಅನಂತರದ್ದು. ಫಂಕ್ ಶೈಲಿಯಲ್ಲಿ ಸಂಶಯಕ್ಕಿಂತ ಲಯವೇ ಮುಖ್ಯ: 1971ರ ‘ಶಾಫ್ಟ್’ ಚಿತ್ರಕ್ಕೆ ಐಸಾಕ್ ಹೇಯ್ಸ್ ನೀಡಿದ ಶೀರ್ಷಿಕೆ ಗೀತೆಯು ಡ್ರಮ್ ಸೆಟ್ಟಿನ ಜೋಡಿ ತಾಳವಾದ ಹೈಹ್ಯಾಟ್‌ನ ವೇಗದ ಬಡಿತದಿಂದ ಆರಂಭವಾಗಿ, ವಾ-ವಾ ಪೆಡಲಿನ (ಕಾಲಿನಿಂದ ಒತ್ತಿದಾಗ ದನಿಯನ್ನು ‘ವಾ-ವಾ’ ಎನ್ನುವಂತೆ ಬದಲಿಸುವ ಸಾಧನ) ಗಿಟಾರ್ ಸೇರಿಕೊಂಡು, ಹಾಡುವ ದನಿ ಬರುವುದಕ್ಕೆ ಬಹಳ ಮುಂಚೆಯೇ ನಗರದ ಬೀದಿಯನ್ನು ಕಟ್ಟಿಬಿಡುತ್ತದೆ. ಗೂಢಚಾರಿ ಚಿತ್ರಕ್ಕೆ ಕನ್ನಡದ ಮಾದರಿ ಬೇಕಿದ್ದರೆ, ರಾಜ್‌ಕುಮಾರ್ ಸಿಐಡಿ 999 ಆಗಿ ನಟಿಸಿದ, ಜಿ.ಕೆ. ವೆಂಕಟೇಶ್ ಸಂಗೀತದ ‘ಜೇಡರ ಬಲೆ’ (1968) ಇದೆ.

ನಿಮ್ಮ ದೃಶ್ಯಕ್ಕೆ ಫಂಕ್ ಹೆಚ್ಚು ಒಪ್ಪುತ್ತದೆಂದು ನನ್ನ ಅಭಿಪ್ರಾಯ. ಬೇಸ್ ಗಿಟಾರ್, ಬೋಂಗೊ (ಕೈಯಿಂದ ಬಾರಿಸುವ ಸಣ್ಣ ಜೋಡಿ ಡೋಲು), ವಾ-ವಾ ಗಿಟಾರ್ ಈ ಮೂರರಿಂದಲೇ ಆರಂಭಿಸಿ. ಹೂವಿನ ಅಂಗಡಿಗಳ ಕೂಗು ಕೇಳಬೇಕಾದ ಕಡೆ ಗಿಟಾರ್ ನಿಲ್ಲಿಸಿ, ಬೇಸ್ ಮಾತ್ರ ಮುಂದುವರಿಸಿ. ಕಂಪ್ಯೂಟರಿನಲ್ಲಿ ತಾಳವನ್ನು ತೀರಾ ಕರಾರುವಾಕ್ಕಾಗಿ ಜೋಡಿಸಿದರೆ ಹಳೆಯ ಕಾಲದ ಗುಣವೇ ಹೋಗುತ್ತದೆ.