ಮಂಡ್ಯ ಹೋಗುತ್ತೆ, ಶ್ರೀರಂಗಪಟ್ಟಣ ಹೋಗೋಲ್ಲ!

ಪ್ರಶ್ನೆ: ಕಬ್ಬು ಬೆಳೆಗಾರರ ನೋಂದಣಿಗೆ ಪರ್ಲ್ ಭಾಷೆಯಲ್ಲಿ ಬರೆದ ಹಳೆಯ ಸಿಜಿಐ ಸ್ಕ್ರಿಪ್ಟ್ (ವೆಬ್ ಫಾರ್ಮ್ ತುಂಬಿದಾಗ ಸರ್ವರಿನಲ್ಲಿ ಓಡುವ ಪ್ರೋಗ್ರಾಂ) ಇದೆ. ಊರಿನ ಹೆಸರು 30 ಅಕ್ಷರ ಮೀರಬಾರದೆಂದು ಉದ್ದ ಅಳೆಯುವ ‘ಲೆಂಗ್ತ್’ ಬಳಸಿ ಮಿತಿ ಹಾಕಿದ್ದೇವೆ. ಮಂಡ್ಯ, ಪಾಂಡವಪುರ ಎಂದರೆ ಸರಾಗ. ಶ್ರೀರಂಗಪಟ್ಟಣ ಎಂದರೆ ‘ಹೆಸರು ಉದ್ದವಾಯಿತು’ ಅನ್ನುತ್ತದೆ. ಇಂಗ್ಲಿಷಿನಲ್ಲಿ ಬರೆದರೆ ತಕರಾರಿಲ್ಲ. ಏಕೆ?
– ಓದುಗರು, ಮಂಡ್ಯ

ಉತ್ತರ: ನಿಮ್ಮ ಸ್ಕ್ರಿಪ್ಟ್ ಅಕ್ಷರಗಳನ್ನಲ್ಲ, ಬೈಟುಗಳನ್ನು ಎಣಿಸುತ್ತಿದೆ. ಬ್ರೌಸರಿನಿಂದ ಹೆಸರು ಯುಟಿಎಫ್-8 (ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಕ್ರಮ) ರೂಪದಲ್ಲಿ ಬರುತ್ತದೆ. ಅದರಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದೇ ಬೈಟು, ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟು. ಗುಣಿತದ ಚಿಹ್ನೆ, ಅನುಸ್ವಾರ, ಒತ್ತಕ್ಷರ ಕೂಡಿಸುವ ವಿರಾಮ (್) ಎಲ್ಲವೂ ಒಂದೊಂದು ಸಂಕೇತವೇ. ಮಂಡ್ಯಕ್ಕೆ 5 ಸಂಕೇತ, 15 ಬೈಟು. ಪಾಂಡವಪುರಕ್ಕೆ 24. ಶ್ರೀರಂಗಪಟ್ಟಣಕ್ಕೆ 12 ಸಂಕೇತ, 36 ಬೈಟು; ಅಲ್ಲಿಗೆ ಮಿತಿ ದಾಟಿತು. ಕೃಷ್ಣರಾಜಪೇಟೆಯವರಿಗೂ ಇದೇ ಪಾಡು. ‘ಕೆ.ಆರ್.ಪೇಟೆ’ ಎಂದು ಬರೆದವರು ಮಾತ್ರ 29 ಬೈಟಿನಲ್ಲಿ ಬಚಾವು!

ಮಿತಿಯನ್ನು 90ಕ್ಕೆ ಏರಿಸಿ ಕೈತೊಳೆದುಕೊಳ್ಳಬೇಡಿ, ಆಗ ಇಂಗ್ಲಿಷಿನಲ್ಲಿ 90 ಅಕ್ಷರದ ಕಸವೂ ಒಳಬರುತ್ತದೆ. ಸಿಜಿಐ ಮಾಡ್ಯೂಲನ್ನು ಕರೆಯುವ ಸಾಲಿನಲ್ಲೇ ‘ಮೈನಸ್ ಯುಟಿಎಫ್8’ ಆಯ್ಕೆ ಕೊಡಿ. ಇಲ್ಲವೇ ಎನ್‌ಕೋಡ್ ಮಾಡ್ಯೂಲಿನಿಂದ ನೀವೇ ಡಿಕೋಡ್ ಮಾಡಿ (ಬೈಟುಗಳನ್ನು ಮತ್ತೆ ಸಂಕೇತಗಳಾಗಿಸಿ), ಆಗ ‘ಲೆಂಗ್ತ್’ ಸಂಕೇತಗಳನ್ನೇ ಎಣಿಸುತ್ತದೆ. ಎರಡನ್ನೂ ಒಟ್ಟಿಗೆ ಮಾಡಿದರೆ ಸ್ಕ್ರಿಪ್ಟ್ ದೋಷ ತೋರಿಸಿ ನಿಲ್ಲಬಹುದು. ಹೊರಗೆ ಹೋಗುವ ದಾರಿಯನ್ನೂ ಮರೆಯಬೇಡಿ: ಎಸ್‌ಟಿಡಿ-ಔಟ್‌ಗೆ ‘ಬಿನ್‌ಮೋಡ್’ ಹಾಕಿ ಯುಟಿಎಫ್-8 ಎಂದು ಹೇಳದಿದ್ದರೆ ಲಾಗ್‌ನಲ್ಲಿ ‘ವೈಡ್ ಕ್ಯಾರೆಕ್ಟರ್’ ಎಂಬ ಎಚ್ಚರಿಕೆ ಬೀಳುತ್ತದೆ. ಬೆಳೆಗಾರರ ಹೆಸರು ನೆಟ್ಟಗೆ ಕಂಡು, ನಿಮ್ಮದೇ ಕನ್ನಡ ಸಂದೇಶ ಗೀಚುಗೀಚಾಗಿ ಬಂದರೆ, ಸ್ಕ್ರಿಪ್ಟಿನ ಮೇಲ್ಭಾಗದಲ್ಲಿ ‘ಯೂಸ್ ಯುಟಿಎಫ್8’ ಸಾಲು ಬಿಟ್ಟುಹೋಗಿದೆ.

ಡಿಕೋಡ್ ಮಾಡಿದ ಮೇಲೆ ಇನ್ನೊಂದು ಕಡೆ ಕಾಲು ಜಾರುತ್ತದೆ. ಅಂಕಿ ತಪಾಸಣೆಗೆ ‘ಬ್ಯಾಕ್‌ಸ್ಲ್ಯಾಷ್ ಡಿ’ ಬಳಸಿದ್ದರೆ ಅದು ಈಗ ೧, ೨, ೩ನ್ನೂ ಒಪ್ಪುತ್ತದೆ. ಆದರೆ ಲೆಕ್ಕ ಹಾಕುವಾಗ ಪರ್ಲ್ ಅವನ್ನು ಸೊನ್ನೆ ಎಂದೇ ಹಿಡಿಯುತ್ತದೆ. ‘೪೦’ ಟನ್ ಕಬ್ಬು ಮಾಯ. ಚೌಕ ಆವರಣದಲ್ಲಿ 0ಯಿಂದ 9 ಎಂದೇ ಬರೆಯಿರಿ. ಇಲ್ಲವೇ ಕನ್ನಡ ಅಂಕಿಗಳನ್ನು ಮೊದಲೇ ‘ಟಿಆರ್’ನಿಂದ ಬದಲಿಸಿಕೊಳ್ಳಿ, ರೈತರಿಗೆ ಇದೇ ಅನುಕೂಲ.

ಪ್ರಶ್ನೆ: ವಿಂಡೋಸ್‌ನಲ್ಲಿ ತಿದ್ದಿದ ಪರ್ಲ್ ಸ್ಕ್ರಿಪ್ಟನ್ನು ಲಿನಕ್ಸ್ ಸರ್ವರಿಗೆ ಏರಿಸಿದ ಮೇಲೆ ಬರೀ 500 ಎರರ್. ಕೋಡಿನ ವ್ಯಾಕರಣ ಪರೀಕ್ಷಿಸುವ ‘ಪರ್ಲ್ ಮೈನಸ್ ಸಿ’ ಮಾತ್ರ ಎಲ್ಲ ಸರಿ ಎನ್ನುತ್ತದೆ.
– ಓದುಗರು, ಮೈಸೂರು

ಉತ್ತರ: ಕೋಡ್ ಮುಟ್ಟುವ ಮೊದಲು ವೆಬ್ ಸರ್ವರ್ ಅಪಾಚೆಯ ಎರರ್ ಲಾಗ್ (ದೋಷಗಳ ದಾಖಲೆ) ತೆರೆಯಿರಿ. ‘ಇಂಥ ಫೈಲ್ ಇಲ್ಲ’ ಎಂದಿದ್ದರೆ, ಮೊದಲ ಸಾಲಿನ ಕೊನೆಗೆ ವಿಂಡೋಸ್ ಅಂಟಿಸಿದ ಕ್ಯಾರೇಜ್ ರಿಟರ್ನ್ ಎಂಬ ಕಣ್ಣಿಗೆ ಕಾಣದ ಚಿಹ್ನೆ ಕಾರಣವಿರಬಹುದು. ಅದನ್ನೂ ಪರ್ಲ್‌ನ ವಿಳಾಸದ ಭಾಗವೆಂದು ಸರ್ವರ್ ತಿಳಿಯುತ್ತದೆ. ಮೈನಸ್ ಸಿ ಓಡಿಸುವಾಗ ಪರ್ಲ್ ಅನ್ನು ನೀವೇ ಕರೆಯುವುದರಿಂದ ಈ ದೋಷ ಬಯಲಾಗದು. ಆ ಚಿಹ್ನೆ ತೆಗೆಯಲು ‘ಡಾಸ್‌2ಯುನಿಕ್ಸ್’ ಓಡಿಸಿ. ‘ಪರ್ಮಿಷನ್ ಡಿನೈಡ್’ ಎಂದಿದ್ದರೆ ಫೈಲಿಗೆ 755 ಅನುಮತಿ ಕೊಡಿ. ಸಿಜಿಐ ಮಾಡ್ಯೂಲೇ ಸಿಗಲಿಲ್ಲ ಎಂದಿದ್ದರೆ ಪ್ರತ್ಯೇಕವಾಗಿ ಹಾಕಿಕೊಳ್ಳಬೇಕು. 2015ರ ಪರ್ಲ್ 5.22ರಿಂದ ಅದು ಪರ್ಲ್ ಜೊತೆಗೆ ಬರುವುದಿಲ್ಲ.